ಸಬ್‌ಮರ್ಸಿಬಲ್‌ನಲ್ಲಿ ಕೂತು ಆಳಸಮುದ್ರದ ಜೀವಿಗಳನ್ನು ಎಣಿಸುವುದು ಹೇಗೆ?

ಪ್ರಶ್ನೆ: ನಾನು ಸಾಗರ ಜೀವವಿಜ್ಞಾನದ ವಿದ್ಯಾರ್ಥಿ. ಕ್ಯಾಮೆರಾ ಹೊತ್ತ ರೋಬಾಟ್‌ಗಳು ಇರುವಾಗ ಮನುಷ್ಯರನ್ನು ಕೂರಿಸಿಕೊಂಡು ಸಾವಿರಾರು ಮೀಟರ್ ಇಳಿಯುವ ಸಬ್‌ಮರ್ಸಿಬಲ್ ನೌಕೆಗಳು ಇನ್ನೂ ಯಾಕೆ ಬೇಕು? ಒಳಗಿದ್ದವರು ಕಿಟಕಿಯಿಂದ ನೋಡಿ ಜೀವಿಗಳನ್ನು ಎಣಿಸುತ್ತಾರೆ ಎಂದು ಓದಿದೆ. ಆ ಲೆಕ್ಕವನ್ನು ನಂಬಬಹುದೇ? ಸಮೀಕ್ಷೆ ನಿಜವಾಗಿ ಹೇಗೆ ನಡೆಯುತ್ತದೆ?

ಉತ್ತರ: ಲೆಕ್ಕದ ವಿಷಯದಿಂದಲೇ ಶುರು ಮಾಡೋಣ. ಅದು ಇತ್ಯರ್ಥವಾದರೆ ಮೊದಲ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಕಿಟಕಿಯಿಂದ ಕಂಡ ಜೀವಿಗಳ ಸಂಖ್ಯೆಗೆ ಅದರಷ್ಟಕ್ಕೆ ಅದಕ್ಕೆ ಬೆಲೆಯಿಲ್ಲ. "ಇಪ್ಪತ್ತೇಳು ಹವಳ ಕಂಡವು" ಎಂದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟು ಚದರ ಮೀಟರ್‌ನಲ್ಲಿ, ಯಾವ ಆಳದಲ್ಲಿ, ಎಂಥ ತಳದ ಮೇಲೆ ಎಂಬುದು ಜೊತೆಗಿರಬೇಕು, ಚಿತ್ರದ ಸಾಕ್ಷಿಯೂ ಇರಬೇಕು. 1960ರ ಜನವರಿ 23ರಂದು ಟ್ರಿಯೆಸ್ಟ್ ನೌಕೆಯಲ್ಲಿ ಝಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಮರಿಯಾನಾ ಕಂದಕದ ಚಾಲೆಂಜರ್ ಡೀಪ್‌ನ ತಳ ಮುಟ್ಟಿದರು. ಆಳ ಸುಮಾರು 10,900 ಮೀಟರ್. ಅಲ್ಲಿ ಚಪ್ಪಟೆ ಮೀನೊಂದನ್ನು ಕಂಡೆ ಎಂದು ಪಿಕಾರ್ ಹೇಳಿದರು. ಫೋಟೊ ಇರಲಿಲ್ಲ, ಮಾದರಿಯೂ ಇರಲಿಲ್ಲ. ಅಷ್ಟು ಆಳದಲ್ಲಿ ಮೀನು ಬದುಕಲಾರದು, ಅವರು ಕಂಡದ್ದು ಸಮುದ್ರ ಸೌತೆಯಂಥ ಜೀವಿ ಇರಬೇಕು ಎಂಬುದು ಇವತ್ತಿನ ತಜ್ಞರ ಸಾಮಾನ್ಯ ಅಭಿಪ್ರಾಯ. ಕ್ಯಾಮೆರಾಕ್ಕೆ ಸಿಕ್ಕ ಅತಿ ಆಳದ ಮೀನು 2022ರಲ್ಲಿ ಜಪಾನಿನ ಇಝು-ಒಗಸವರ ಕಂದಕದಲ್ಲಿ 8,336 ಮೀಟರ್‌ನಲ್ಲಿ ಕಾಣಿಸಿದ ಸ್ನೇಲ್‌ಫಿಶ್. ಅದನ್ನು ಚಿತ್ರಿಸಿದ್ದು ಒಳಗೆ ಮನುಷ್ಯರಿಲ್ಲದ ಸಾಧನ, ತಳಕ್ಕೆ ಇಳಿಬಿಟ್ಟ ಲ್ಯಾಂಡರ್. ಮನುಷ್ಯನ ಕಣ್ಣಿನ ಮೇಲೆ ಭಕ್ತಿ ಇರುವವರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಹಾಗಾದರೆ ಮನುಷ್ಯ ಯಾಕೆ? ವಿಶಾಲ ಪ್ರದೇಶವನ್ನು ಜಾಲಾಡುವ ಕೆಲಸಕ್ಕೆ ಸಬ್‌ಮರ್ಸಿಬಲ್ ಖಂಡಿತ ಬೇಡ. ಅದು ಎಯುವಿಗಳ, ಅಂದರೆ ಮನುಷ್ಯರೂ ಕೇಬಲ್ಲೂ ಇಲ್ಲದೆ ತಾವಾಗಿ ಸಾಗುವ ರೋಬಾಟ್‌ಗಳ ಕೆಲಸ. ಒಂದೇ ಜಾಗದಲ್ಲಿ ದಿನಗಟ್ಟಲೆ ನಿಂತು ನೋಡಲು ಕೇಬಲ್ ಮೂಲಕ ಹಡಗಿನಿಂದ ವಿದ್ಯುತ್ ಪಡೆಯುವ ರೋಬಾಟ್, ಆರ್‌ಒವಿ, ಒಳ್ಳೆಯದು. ಸಬ್‌ಮರ್ಸಿಬಲ್‌ಗೆ ಕೇಬಲ್ಲಿನ ಬಾಲ ಇಲ್ಲ. ಕಡಿದಾದ ಗೋಡೆ, ಬಂಡೆಗಳ ಸಂದು, ಮುಂಚಾಚಿದ ಕಲ್ಲಿನ ಅಡಿ, ಇಂಥಲ್ಲೆಲ್ಲ ಕೇಬಲ್ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲದೆ ತಿರುಗಬಲ್ಲದು. ಕಿಟಕಿಯ ಮುಂದಿನ ಎರಡು ಕಣ್ಣುಗಳು ದೂರ ಮತ್ತು ಗಾತ್ರವನ್ನು ಪರದೆಗಿಂತ ಚೆನ್ನಾಗಿ ಅಂದಾಜಿಸುತ್ತವೆ. ಬೆಳಕಿನ ಅಂಚಿನಲ್ಲಿ ಸರಿದುಹೋದದ್ದನ್ನೂ ಗಮನಿಸುತ್ತವೆ. ಪ್ರಾಣಿಯ ವರ್ತನೆ ನೋಡುವಾಗ, ಎಲ್ಲಿ ನಿಲ್ಲಬೇಕು, ಯಾವುದನ್ನು ಎತ್ತಬೇಕು ಎಂದು ಸ್ಥಳದಲ್ಲೇ ನಿರ್ಧರಿಸುವಾಗ ಇದರ ಬೆಲೆ ತಿಳಿಯುತ್ತದೆ.

1977ರ ಗಲಾಪಗೋಸ್ ರಿಫ್ಟ್ ಯಾತ್ರೆ ಈ ಕೆಲಸ ಹಂಚಿಕೆಗೆ ಒಳ್ಳೆಯ ಉದಾಹರಣೆ. ಸುಮಾರು 2,500 ಮೀಟರ್ ಆಳದಲ್ಲಿ ನೀರು ಬೆಚ್ಚಗಿರುವ ಜಾಗವನ್ನು ಮೊದಲು ಹಿಡಿದದ್ದು ಹಡಗು ಎಳೆಯುತ್ತಿದ್ದ ಆಂಗಸ್ ಎಂಬ ಕ್ಯಾಮೆರಾ ಸ್ಲೆಡ್. ಅಮೆರಿಕದ ಆಲ್ವಿನ್ ಸಬ್‌ಮರ್ಸಿಬಲ್‌ನಲ್ಲಿ ಮನುಷ್ಯರು ಇಳಿದದ್ದು ಅದಾದ ಮೇಲೆ, ಗುರುತಾದ ಜಾಗಕ್ಕೆ. ಬಿಸಿನೀರಿನ ಬುಗ್ಗೆಗಳ ಸುತ್ತ ಸೂರ್ಯನ ಹಂಗಿಲ್ಲದೆ ಬೆಳೆದ ಜೀವಸಮುದಾಯ ಹಾಗೆ ಪತ್ತೆಯಾಯಿತು. 2024ರಲ್ಲಿ ಚೀನಾದ ಫೆಂಡೋಝೆ ನೌಕೆ ಕುರಿಲ್-ಕಮ್ಚಟ್ಕಾ ಮತ್ತು ಅಲ್ಯೂಷಿಯನ್ ಕಂದಕಗಳಲ್ಲಿ 9,533 ಮೀಟರ್‌ವರೆಗೂ ಇಂಥ ರಾಸಾಯನಿಕಾಧಾರಿತ ಸಮುದಾಯಗಳನ್ನು ಕಂಡಿತು.

ಎಣಿಕೆಯ ಮಟ್ಟಿಗೆ ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಸದ್ದಿಲ್ಲದ ಇನ್ನೊಂದು ಕೆಲಸ. ದಕ್ಷಿಣ ಕ್ಯಾಲಿಫೋರ್ನಿಯಾದ ಕೌಕಾಡ್ ಎಂಬ ರಾಕ್‌ಫಿಶ್ ಅತಿಯಾದ ಮೀನುಗಾರಿಕೆಯಿಂದ ಕುಸಿದಿತ್ತು. ಅದು ಬಂಡೆಗಳ ನಡುವೆ ವಾಸಿಸುವುದರಿಂದ ಟ್ರಾಲ್ ಬಲೆ ಅಲ್ಲಿ ಕೆಲಸಕ್ಕೆ ಬಾರದು. 2002ರಲ್ಲಿ ಇಬ್ಬರು ಕೂರುವ ಡೆಲ್ಟಾ ಎಂಬ ಪುಟ್ಟ ಸಬ್‌ಮರ್ಸಿಬಲ್‌ನಿಂದ ಟ್ರಾನ್ಸೆಕ್ಟ್‌ಗಳನ್ನು (ಎಣಿಕೆಗೆ ಸಾಗುವ ನಿಗದಿತ ಪಟ್ಟಿಗಳನ್ನು) ಹಾಕಿ, ಕಂಡ ಪ್ರತಿ ಮೀನಿನ ಲೆಕ್ಕ ಹಿಡಿದು, ಒಂದೂ ಮೀನು ಕೊಲ್ಲದೆ ಸಂಖ್ಯೆಯನ್ನು ಅಂದಾಜಿಸಿದರು. ಬಲೆ ಹೋಗದ, ಬಲೆ ಹಾಕಬಾರದ ಜಾಗಕ್ಕೆ ಇದು ಸರಿಯಾದ ಉಪಕರಣ.

ಇನ್ನು ಡೈವ್‌ನ ಲೆಕ್ಕಾಚಾರ. ಸಬ್‌ಮರ್ಸಿಬಲ್ ಕಬ್ಬಿಣದ ತೂಕಗಳನ್ನು ಹೊತ್ತು ತಾನಾಗಿ ಮುಳುಗುತ್ತದೆ. ತಳ ಹತ್ತಿರವಾದಾಗ ಒಂದಿಷ್ಟನ್ನು ಬಿಟ್ಟು ನೀರಿನಲ್ಲಿ ಸಮತೂಕ ಸಾಧಿಸುತ್ತದೆ. ಉಳಿದದ್ದನ್ನು ಬಿಟ್ಟಾಗ ಮೇಲೇರುತ್ತದೆ. ಇಳಿಯುವ ವೇಗ ನಿಮಿಷಕ್ಕೆ ಸುಮಾರು 30 ಮೀಟರ್ ಅಂದುಕೊಂಡರೆ 4,000 ಮೀಟರ್‌ಗೆ ಎರಡು ಕಾಲು ಗಂಟೆ. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಎಂಟು ಗಂಟೆಯ ಡೈವ್‌ನಲ್ಲಿ ತಳದಲ್ಲಿ ಸಿಗುವುದು ಮೂರೂವರೆ ಗಂಟೆ. 6,500 ಮೀಟರ್‌ಗೆ ಹೋಗಬಲ್ಲ ಜಪಾನಿನ ಶಿಂಕಾಯ್ 6500, 2022ರಿಂದ ಅಷ್ಟೇ ಆಳಕ್ಕೆ ಪ್ರಮಾಣೀಕೃತವಾಗಿರುವ ಆಲ್ವಿನ್, ಭಾರತ ಕಟ್ಟುತ್ತಿರುವ ಮತ್ಸ್ಯ 6000, ಯಾವುದೇ ಆದರೂ ಗರಿಷ್ಠ ಆಳಕ್ಕೆ ಹೋದಷ್ಟೂ ತಳದ ಸಮಯ ಕರಗುತ್ತದೆ.

ಆ ಮೂರೂವರೆ ಗಂಟೆಗೆ ಹತ್ತು ಗಂಟೆಯ ಆಸೆಗಳನ್ನು ತುರುಕುವುದು ಹೊಸಬರ ಯೋಜನೆಗಳ ಮಾಮೂಲಿ ದೋಷ. ಹದಿನೈದು ನಿಮಿಷದ ಒಂದು ಟ್ರಾನ್ಸೆಕ್ಟ್, ಮುಂದಿನದಕ್ಕೆ ಸರಿಯಲು ಐದರಿಂದ ಹತ್ತು ನಿಮಿಷ, ರೋಬಾಟ್ ಕೈಯಿಂದ ಒಂದು ಮಾದರಿ ಎತ್ತಲು ಹತ್ತರಿಂದ ಇಪ್ಪತ್ತು ನಿಮಿಷ. ಹೀಗೆ ಕೂಡಿಸಿದರೆ ಐದು ಟ್ರಾನ್ಸೆಕ್ಟ್, ಐದಾರು ಮಾದರಿ, ಅಷ್ಟೇ. ಟ್ರಾನ್ಸೆಕ್ಟ್ ಮೊದಲು, ಮಾದರಿ ಆಮೇಲೆ. ತಿರುಗುಮುರುಗು ಮಾಡಿದರೆ ಮಾದರಿಯ ಬೆನ್ನು ಹತ್ತಿ ಬ್ಯಾಟರಿ ಮುಗಿಯುತ್ತದೆ, ಎಣಿಕೆ ಅರ್ಧಕ್ಕೆ ನಿಲ್ಲುತ್ತದೆ.

ಎಲ್ಲಿ ಇಳಿಯಬೇಕು ಎಂಬುದು ನಕ್ಷೆಯ ವಿಷಯ. ಶಬ್ದ ಹಾಯಿಸಿ ತಳದ ನಕ್ಷೆ ಮಾಡುವ ಹಡಗಿನ ಮಲ್ಟಿಬೀಮ್ ಸೋನಾರ್‌ನ ಕಿರಣ ಒಂದು ಡಿಗ್ರಿ ಅಗಲವಿದ್ದರೆ 4,000 ಮೀಟರ್ ಆಳದಲ್ಲಿ ಅದು ಸುಮಾರು 70 ಮೀಟರ್ ಅಗಲದ ತುಂಡನ್ನು ಒಂದೇ ಬಿಂದುವಾಗಿ ನೋಡುತ್ತದೆ. ಇಪ್ಪತ್ತು ಮೀಟರ್ ಎತ್ತರದ ಬಿಸಿನೀರಿನ ಚಿಮಣಿ ಅದರಲ್ಲಿ ಕಳೆದುಹೋಗಬಹುದು. ತಳದಿಂದ 50 ಮೀಟರ್ ಮೇಲೆ ಸಾಗುವ ಎಯುವಿಯ ಸೋನಾರ್‌ಗೆ ಅದೇ ಒಂದು ಡಿಗ್ರಿ ಒಂದು ಮೀಟರ್‌ಗಿಂತ ಕಡಿಮೆ. ಸಾಧ್ಯವಿದ್ದರೆ ಆ ನಕ್ಷೆ ಕೈಯಲ್ಲಿದ್ದಾಗ ಮಾತ್ರ ಇಳಿಯಿರಿ. ಟ್ರಾನ್ಸೆಕ್ಟ್‌ಗಳ ಆರಂಭದ ಬಿಂದುಗಳನ್ನು ಆಳ ಮತ್ತು ತಳದ ಬಗೆಯ ಪ್ರಕಾರ ವಿಂಗಡಿಸಿ, ಪ್ರತಿ ವಿಂಗಡಣೆಯೊಳಗೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ. ಕೆಳಗೆ ಹೋಗಿ "ಇಲ್ಲಿ ಚೆನ್ನಾಗಿದೆ" ಎಂದು ಅಲ್ಲೇ ಟ್ರಾನ್ಸೆಕ್ಟ್ ಶುರು ಮಾಡಿದರೆ ಹವಳ ತುಂಬಿದ ಜಾಗದ ಸಾಂದ್ರತೆಯನ್ನೇ ಇಡೀ ಸಮುದ್ರದಡಿಯ ಪರ್ವತದ ಸಾಂದ್ರತೆ ಅಂದುಕೊಳ್ಳುವ ಅಪಾಯ ಇದೆ. ಚೆಂದದ ಜಾಗ ಕಂಡರೆ ಗುರುತು ಹಾಕಿಕೊಂಡು ಮುಂದೆ ಹೋಗಿ, ಆಮೇಲೆ ಬನ್ನಿ.

ಟ್ರಾನ್ಸೆಕ್ಟ್ ಎಂದರೆ ನಿಗದಿತ ದಿಕ್ಕು, ವೇಗ, ಎತ್ತರದಲ್ಲಿ ಸಾಗುತ್ತ ಗೊತ್ತಾದ ಅಗಲದ ಪಟ್ಟಿಯೊಳಗಿನದ್ದನ್ನು ಮಾತ್ರ ಎಣಿಸುವುದು. ವೇಗ ಸೆಕೆಂಡಿಗೆ 0.25 ಮೀಟರ್, ಅಂದರೆ ಅರ್ಧ ನಾಟ್. ತಳದಿಂದ ಎತ್ತರ ಒಂದರಿಂದ ಎರಡು ಮೀಟರ್. ಹದಿನೈದು ನಿಮಿಷಕ್ಕೆ 225 ಮೀಟರ್ ಸಾಗುತ್ತೀರಿ. ಪಟ್ಟಿಯ ಅಗಲ ಎರಡು ಮೀಟರ್ ಇದ್ದರೆ 450 ಚದರ ಮೀಟರ್. ಅದರಲ್ಲಿ 27 ಹವಳ ಸಿಕ್ಕರೆ ನೂರು ಚದರ ಮೀಟರ್‌ಗೆ ಆರು. ಆದರೆ ಪೈಲಟ್ ಗೊತ್ತಿಲ್ಲದೆ ಸ್ವಲ್ಪ ಮೇಲೆ ತೇಲಿ, ನಿಜವಾದ ಅಗಲ ಎರಡೂವರೆ ಮೀಟರ್ ಆಗಿದ್ದರೆ ಸಾಂದ್ರತೆ 4.8ಕ್ಕೆ ಇಳಿಯುತ್ತದೆ. ಅರ್ಧ ಮೀಟರ್ ಅಗಲದ ತಪ್ಪಿಗೆ ಐದನೇ ಒಂದು ಭಾಗ ಹವಳ ಮಾಯ! ಎರಡು ವರ್ಷದ ಸಮೀಕ್ಷೆಗಳನ್ನು ಹೋಲಿಸುವವನು ಇದನ್ನು ಅವನತಿ ಎಂದು ಬರೆದುಬಿಡುತ್ತಾನೆ.

ಅಗಲವನ್ನು ಕಣ್ಣಳತೆಗೆ ಬಿಡಬಾರದು ಎನ್ನುವುದು ಇದಕ್ಕೇ. ಕ್ಯಾಮೆರಾದ ಪಕ್ಕ ಎರಡು ಲೇಸರ್‌ಗಳನ್ನು ಸಮಾನಾಂತರವಾಗಿ, ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಅಂತರದಲ್ಲಿ ಕೂರಿಸುತ್ತಾರೆ. ದೂರ ಎಷ್ಟೇ ಇರಲಿ, ತಳದ ಮೇಲೆ ಬೀಳುವ ಎರಡು ಚುಕ್ಕೆಗಳ ನಡುವೆ ಹತ್ತೇ ಸೆಂಟಿಮೀಟರ್. 3,840 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಚುಕ್ಕೆಗಳ ಅಂತರ 200 ಪಿಕ್ಸೆಲ್ ಇದ್ದರೆ, ಚುಕ್ಕೆ ಬಿದ್ದ ಸಾಲಿನಲ್ಲಿ ಚಿತ್ರದ ಅಗಲ 192 ಸೆಂಟಿಮೀಟರ್. ಕ್ಯಾಮೆರಾ ಓರೆಯಾಗಿರುವುದರಿಂದ ಮೇಲಂಚಿನ ಅಗಲ ಇದಕ್ಕಿಂತ ಹೆಚ್ಚು, ಕೆಳಗೆ ಕಡಿಮೆ. ಆದ್ದರಿಂದ ಚುಕ್ಕೆಗಳ ಸಾಲನ್ನು ದಾಟುವ ಜೀವಿಯನ್ನು ಮಾತ್ರ ಎಣಿಸುವುದು ಒಳ್ಳೆಯ ನಿಯಮ. ಒಂದೇ ಜೀವಿಯನ್ನು ಎರಡು ಸಲ ಎಣಿಸುವುದೂ ಇದರಿಂದ ತಪ್ಪುತ್ತದೆ. ಲೇಸರ್‌ಗಳ ಅಂತರವನ್ನು ಪ್ರತಿ ಡೈವ್‌ಗೂ ಮುನ್ನ ಒಂದು ಮೀಟರ್ ಮತ್ತು ಮೂರು ಮೀಟರ್ ದೂರದ ಗುರಿಗಳ ಮೇಲೆ ಅಳೆದು ನೋಡಬೇಕು. ಡೆಕ್ ಮೇಲೆ ಯಾರದೋ ಮೊಣಕೈ ತಾಗಿ ಬ್ರಾಕೆಟ್ ಒಂದು ಡಿಗ್ರಿ ಬಾಗಿದರೆ ಮೂರು ಮೀಟರ್‌ನಲ್ಲಿ ಐದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅಲ್ಲಿಗೆ ಹತ್ತು ಸೆಂಟಿಮೀಟರ್‌ನ ಅಳತೆಗೋಲೇ ಹಾಳು.

ದಿಕ್ಕಿನ ವಿಷಯ: ಇಳಿಜಾರಿನಲ್ಲಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಿ. ಆಗ ಬೆಟ್ಟದ ಮೈ ಕಿಟಕಿಯ ಎದುರಿಗೇ ಇರುತ್ತದೆ. ಮೇಲಿಂದ ಕೆಳಕ್ಕೆ ಸಾಗಿದರೆ ತಳ ದೂರವಾಗುತ್ತ ಹೋಗುತ್ತದೆ, ಎತ್ತರ ಕಾಯ್ದುಕೊಳ್ಳುವುದೂ ಕಷ್ಟ. ಪ್ರವಾಹಕ್ಕೆ ಎದುರಾಗಿ ಸಾಗುವುದು ಇನ್ನೊಂದು ನಿಯಮ. ನೌಕೆ ಹತೋಟಿಯಲ್ಲಿರುತ್ತದೆ, ಪ್ರೊಪೆಲ್ಲರ್ ಎಬ್ಬಿಸಿದ ಕೆಸರು ಹಿಂದಕ್ಕೆ ಹೋಗುತ್ತದೆ. ಎರಡೂ ಒಟ್ಟಿಗೆ ಹೊಂದದಿದ್ದರೆ ಪೈಲಟ್‌ನ ಮಾತೇ ಅಂತಿಮ. ಕೆಸರೆದ್ದು ಕಿಟಕಿ ಮುಚ್ಚಿದರೆ ನೌಕೆಯನ್ನು ತಳ್ಳುವ ಥ್ರಸ್ಟರ್‌ಗಳನ್ನು ಜೋರಾಗಿ ಓಡಿಸಿ ಪಾರಾಗಲು ನೋಡಬೇಡಿ, ಇನ್ನಷ್ಟು ಏಳುತ್ತದೆ. ಸುಮ್ಮನೆ ಕೂತರೆ ಪ್ರವಾಹವೇ ಒಯ್ಯುತ್ತದೆ. ಆ ನಿಮಿಷಗಳನ್ನು ಲಾಗ್‌ನಲ್ಲಿ ನಮೂದಿಸಿ ಟ್ರಾನ್ಸೆಕ್ಟ್‌ನಿಂದ ಕಳೆಯಬೇಕು.

ಸ್ಥಾನ ಮತ್ತು ಸಮಯ. ನೀರಿನೊಳಗೆ ಜಿಪಿಎಸ್ ಇಲ್ಲ. ಹಡಗು ಶಬ್ದದ ಮೂಲಕ ನೌಕೆಯನ್ನು ಪತ್ತೆಹಚ್ಚುತ್ತದೆ. ಅದರ ದೋಷ ದೂರದ ಅರ್ಧ ಶೇಕಡಾ ಇದ್ದರೂ 4,000 ಮೀಟರ್‌ನಲ್ಲಿ 20 ಮೀಟರ್ ಆಯಿತು. ತಳದ ಮೇಲೆ ಸರಿದ ದೂರವನ್ನು ಡಾಪ್ಲರ್ ಸೋನಾರ್ ಅಳೆಯುತ್ತದೆ. ಅದು ಕ್ಷಣಕ್ಷಣಕ್ಕೆ ನಿಖರ, ಆದರೆ ಗಂಟೆಗಳು ಕಳೆದಂತೆ ತಪ್ಪು ಕೂಡುತ್ತ ಹೋಗುತ್ತದೆ. ಟ್ರಾನ್ಸೆಕ್ಟ್‌ನ ಉದ್ದಕ್ಕೆ ಡಾಪ್ಲರ್, ಭೂಪಟದ ಮೇಲಿನ ಜಾಗಕ್ಕೆ ಶಬ್ದದ ಸ್ಥಾನ, ಹೀಗೆ ಎರಡನ್ನೂ ಬೆಸೆದು ಬಳಸಬೇಕು. ಇವೆಲ್ಲಕ್ಕಿಂತ ಹೆಚ್ಚು ಡೈವ್‌ಗಳನ್ನು ಕೆಡಿಸುವುದು ಗಡಿಯಾರ. ಒಂದು ಕ್ಯಾಮೆರಾದ ಗಡಿಯಾರ ಮೂವತ್ತು ಸೆಕೆಂಡ್ ತಪ್ಪಿದ್ದರೆ ಜೀವಿ ಏಳೂವರೆ ಮೀಟರ್ ಆಚೆಗೆ ಬಿತ್ತು. ಬಂಡೆಯ ಮೇಲಿನ ಸ್ಪಂಜು ದಾಖಲೆಯಲ್ಲಿ ಕೆಸರಿನ ಮೇಲಿನ ಸ್ಪಂಜಾಗುತ್ತದೆ. ಎಲ್ಲ ಯಂತ್ರಗಳನ್ನೂ ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಹೊಂದಿಸಿ, ಹ್ಯಾಚ್ ಮುಚ್ಚುವ ಮುನ್ನ ಒಂದೇ ಗಡಿಯಾರವನ್ನು ಎಲ್ಲ ಕ್ಯಾಮೆರಾಗಳಿಗೂ ತೋರಿಸಿ ಚಿತ್ರ ತೆಗೆದಿಡಿ, ಮೇಲೆ ಬಂದ ಮೇಲೂ ಹಾಗೇ ಮಾಡಿ.

ಆವಾಸವನ್ನು ಬರೆದುಕೊಳ್ಳಲು ಎರಡಕ್ಷರದ ಸಂಕೇತ ಸಾಕಾಗುತ್ತದೆ. ನೋಟದ ಅರ್ಧಕ್ಕಿಂತ ಹೆಚ್ಚು ಆವರಿಸಿದ ತಳ ಮೊದಲಕ್ಷರ, ಐದನೇ ಒಂದು ಭಾಗಕ್ಕಿಂತ ಹೆಚ್ಚಿರುವ ಇನ್ನೊಂದು ಎರಡನೆಯದು. ಕೆಸರು-ಗುಂಡುಕಲ್ಲು ಬೇರೆ, ಗುಂಡುಕಲ್ಲು-ಕೆಸರು ಬೇರೆ. ತಳ ಬದಲಾದ ಕ್ಷಣವನ್ನು ವೀಕ್ಷಕ ಮೈಕ್‌ನಲ್ಲಿ ಹೇಳಬೇಕು. ಕೈಬರಹದ ಟಿಪ್ಪಣಿಗೆ ತಲೆ ತಗ್ಗಿಸಿದರೆ ಅಷ್ಟು ಹೊತ್ತಿನ ನೋಟ ಹೋಯಿತು.

ನೌಕೆಯ ಬೆಳಕು, ಸದ್ದುಗಳಿಂದ ಲೆಕ್ಕ ತಪ್ಪುವ ಬಗೆಯನ್ನು ನಮ್ಮ ಪಠ್ಯಗಳು ಬೇಗ ದಾಟಿಬಿಡುತ್ತವೆ. ಕತ್ತಲ ಕಾಡಿಗೆ ಹೆಡ್‌ಲೈಟ್ ಹಾಕಿದ ಟ್ರಾಕ್ಟರ್ ನುಗ್ಗಿಸಿ ಪ್ರಾಣಿ ಗಣತಿ ಮಾಡಿದಂತೆ ಇದು. ಕೆಲವು ಮೀನುಗಳು ಬೆಳಕಿಗೆ ಬರುತ್ತವೆ, ಕೆಲವು ಇಪ್ಪತ್ತು ಮೀಟರ್ ದೂರದಲ್ಲೇ ಜಾಗ ಖಾಲಿ ಮಾಡುತ್ತವೆ. ಹವಳ, ಸ್ಪಂಜು, ಸಮುದ್ರ ಸೌತೆಗಳ ಎಣಿಕೆಯನ್ನು ಹಾಗೇ ನಂಬಬಹುದು. ಮೀನಿನದ್ದನ್ನು ನಂಬುವ ಮೊದಲು ಅದು ಹೇಗೆ ಪ್ರತಿಕ್ರಿಯಿಸಿತು ಎಂದು ಪ್ರತಿ ಸಲ ಗುರುತು ಹಾಕಿರಬೇಕು: ನಿಶ್ಚಲ, ದೂರ ಸರಿಯಿತು, ಹತ್ತಿರ ಬಂತು. ಆಳದ ಹೆಚ್ಚಿನ ಪ್ರಾಣಿಗಳ ಕಣ್ಣು ನೀಲಿಗೆ ಚುರುಕು, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಆದ್ದರಿಂದ ವರ್ತನೆ ನೋಡುವಾಗ ಕೆಂಪು ದೀಪ ಬಳಸುತ್ತಾರೆ. ಆದರೆ ನೀರು ಕೆಂಪನ್ನು ಬೇಗ ಹೀರುವುದರಿಂದ ಕೆಲವೇ ಮೀಟರ್ ದೂರಕ್ಕೆ ಮಾತ್ರ ಅದು ನಡೆಯುತ್ತದೆ. ಬೆಳಕಿನಿಂದ ಹಾನಿಯೂ ಇದೆ. ಮಧ್ಯ ಅಟ್ಲಾಂಟಿಕ್ ಏಣಿನ ಬಿಸಿನೀರಿನ ಬುಗ್ಗೆಗಳ ಬಳಿಯ ರಿಮಿಕ್ಯಾರಿಸ್ ಸಿಗಡಿಯ ಬೆನ್ನ ಮೇಲಿನ ಬೆಳಕು-ಗ್ರಾಹಿ ಅಂಗ ಸಬ್‌ಮರ್ಸಿಬಲ್ ದೀಪಗಳಿಗೆ ಹಾಳಾಗುತ್ತದೆ ಎಂದು 1999ರಲ್ಲೇ ವರದಿಯಾಗಿದೆ. ಚಿತ್ರ ತೆಗೆಯದ ಹೊತ್ತಿನಲ್ಲಿ ದೀಪ ಆರಿಸಿ, ಬ್ಯಾಟರಿಯೂ ಉಳಿಯುತ್ತದೆ.

ಮಾದರಿ ಇಲ್ಲದೆ ಜಾತಿಯ ಹೆಸರು ಹೇಳುವುದು ಬಹುಪಾಲು ಜೀವಿಗಳಲ್ಲಿ ಸಾಧ್ಯವಿಲ್ಲ. ಚಿತ್ರದಿಂದ "ಬಿಳಿ ಕವಲಿನ ಹವಳ, ಬಗೆ 3" ಎಂದು ಹೇಳಬಹುದು, ಅಷ್ಟೇ. ಹಾಗಾಗಿ ಹೆಚ್ಚಾಗಿ ಕಾಣುವ ಪ್ರತಿ ಬಗೆಯಿಂದ ಒಂದೆರಡನ್ನು ತರಲೇಬೇಕು. ಗಟ್ಟಿ ಜೀವಿಗೆ ರೋಬಾಟ್ ಕೈ, ಮೆದು ಜೀವಿಗೆ ಹೀರುವ ಕೊಳವೆಯ ಸ್ಲರ್ಪ್ ಗನ್, ಕೆಸರಿನೊಳಗಿನವಕ್ಕೆ ಚುಚ್ಚಿ ತೆಗೆಯುವ ಪುಶ್ ಕೋರ್. ಎತ್ತಿದ್ದು ಮುಚ್ಚಳವಿರುವ, ಶಾಖ ತಡೆಯುವ ಪೆಟ್ಟಿಗೆಗೆ ಹೋಗಬೇಕು. ಎರಡು ಮೂರು ಡಿಗ್ರಿ ನೀರಿನ ಜೀವಿಯನ್ನು ಉಷ್ಣವಲಯದ 28 ಡಿಗ್ರಿಯ ಮೇಲ್ಪದರದ ಮೂಲಕ ತೆರೆದ ಬುಟ್ಟಿಯಲ್ಲಿ ತಂದರೆ ಡೆಕ್ ತಲುಪುವ ಹೊತ್ತಿಗೆ ಅಂಗಾಂಶ ಕೆಟ್ಟಿರುತ್ತದೆ. ಎಷ್ಟೋ ಅಕಶೇರುಕಗಳಿಗೆ ಒತ್ತಡ ಇಳಿಯುವುದಕ್ಕಿಂತ ಈ ಶಾಖದ ಪೆಟ್ಟೇ ದೊಡ್ಡದು. ಗಾಳಿಚೀಲ ಇರುವ ಮೀನಿನ ಕಥೆ ಬೇರೆ, ಅದಕ್ಕೆ ಒತ್ತಡವೇ ಶತ್ರು. ಕಲ್ಲು ಎತ್ತುವಾಗ ಪೈಲಟ್‌ಗೆ ಅಂದಾಜು ತೂಕ ಹೇಳಿ, ಪ್ರತಿ ಕಿಲೋಗೂ ಅವರು ನೌಕೆಯ ತೂಕ ಸರಿದೂಗಿಸಬೇಕು.

ಡೆಕ್ ಮೇಲಿನ ಡಬ್ಬಿಗಳು ಡೈವ್‌ಗೆ ಮೊದಲೇ ಸಿದ್ಧವಿರಲಿ. ಡಿಎನ್‌ಎಗೆ 95 ಶೇಕಡಾ ಎಥನಾಲ್, ದೇಹರಚನೆಗೆ ಬೋರಾಕ್ಸ್ ಬೆರೆಸಿದ ಫಾರ್ಮಾಲಿನ್. ಬೋರಾಕ್ಸ್ ಮರೆತರೆ ಆಮ್ಲೀಯ ಫಾರ್ಮಾಲಿನ್ ಸುಣ್ಣದ ಮುಳ್ಳುಗಳನ್ನು ಕರಗಿಸುತ್ತದೆ, ಹವಳ ಮತ್ತು ಸಮುದ್ರ ಸೌತೆ ಗುರುತಿಸಲು ಬೇಕಾದದ್ದೇ ಆ ಮುಳ್ಳು. ಒಂದೇ ಜೀವಿ ಇದ್ದರೆ ಮೊದಲು ಚೂರು ಅಂಗಾಂಶ ಎಥನಾಲ್‌ಗೆ, ಉಳಿದದ್ದು ಫಾರ್ಮಾಲಿನ್‌ಗೆ. 1977ರ ಗಲಾಪಗೋಸ್ ಯಾತ್ರೆಯಲ್ಲಿ ಜೀವಿಗಳನ್ನು ನಿರೀಕ್ಷಿಸಿಯೇ ಇರಲಿಲ್ಲ, ಹಡಗಿನಲ್ಲಿ ಜೀವವಿಜ್ಞಾನಿಗಳೂ ಇರಲಿಲ್ಲ. ಇದ್ದ ಚೂರು ಫಾರ್ಮಾಲ್ಡಿಹೈಡ್ ಮುಗಿದು, ಶತಮಾನದ ಶೋಧವನ್ನು ವೋಡ್ಕಾದಲ್ಲಿ ಅದ್ದಿ ತಂದರು.

ಸುರಕ್ಷತೆಯ ಬಗ್ಗೆ ಜನ ಕೇಳುವುದು ಒತ್ತಡದ ವಿಷಯ. 6,000 ಮೀಟರ್‌ನಲ್ಲಿ ಸುಮಾರು 600 ವಾತಾವರಣ. ಟೈಟಾನಿಯಂ ಗೋಳ ಸರಿಯಾಗಿ ಪರೀಕ್ಷಿತವಾಗಿ, ಪ್ರಮಾಣೀಕೃತವಾಗಿದ್ದರೆ ಅದಕ್ಕೆ ನಿಲ್ಲುತ್ತದೆ. ಶಿಂಕಾಯ್‌ನ ಗೋಳದ ಒಳವ್ಯಾಸ ಎರಡು ಮೀಟರ್, ಗೋಡೆ 73.5 ಮಿಲಿಮೀಟರ್ ದಪ್ಪ. 2023ರ ಜೂನ್‌ನಲ್ಲಿ ಒಳಕುಸಿದ ಟೈಟನ್ ಸಬ್‌ಮರ್ಸಿಬಲ್ ಕಾರ್ಬನ್ ಫೈಬರ್ ಕೊಳವೆಯದ್ದು, ಯಾವ ವರ್ಗೀಕರಣ ಸಂಸ್ಥೆಯ ಪ್ರಮಾಣವೂ ಅದಕ್ಕಿರಲಿಲ್ಲ. ಸಮೀಕ್ಷೆ ಮಾಡುವವರು ನಿಜವಾಗಿ ಹೆದರಬೇಕಾದ್ದು ಸಿಕ್ಕಿಹಾಕಿಕೊಳ್ಳುವುದಕ್ಕೆ, ಇಂಗಾಲದ ಡೈಆಕ್ಸೈಡ್‌ಗೆ. 1973ರ ಜೂನ್‌ನಲ್ಲಿ ಫ್ಲೋರಿಡಾ ಬಳಿ ಜಾನ್ಸನ್ ಸೀ ಲಿಂಕ್ ಎಂಬ ಸಬ್‌ಮರ್ಸಿಬಲ್ ಬರೀ 110 ಮೀಟರ್ ಆಳದಲ್ಲಿ ಮುಳುಗಿದ ಹಡಗೊಂದರ ಅವಶೇಷಕ್ಕೆ ತೊಡರಿತು. ಹಿಂಬದಿಯ ಅಲ್ಯೂಮಿನಿಯಂ ಕೋಣೆ ಬೇಗ ತಣ್ಣಗಾಗಿ, ಇಂಗಾಲದ ಡೈಆಕ್ಸೈಡ್ ಹೀರುವ ರಾಸಾಯನಿಕ ಕೆಲಸ ನಿಲ್ಲಿಸಿತು. ಅಲ್ಲಿದ್ದ ಇಬ್ಬರು ಸತ್ತರು, ಮುಂದಿನ ಅಕ್ರಿಲಿಕ್ ಗೋಳದಲ್ಲಿದ್ದ ಇಬ್ಬರು ಉಳಿದರು. ಆದ್ದರಿಂದ ಹೀರುಕವನ್ನು ಕೋಣೆಯ ಉಷ್ಣತೆಯಲ್ಲಿ ಅಲ್ಲ, ತಳದ ಚಳಿಯಲ್ಲಿ ಪರೀಕ್ಷಿಸಿರಬೇಕು. ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಅರ್ಧ ಶೇಕಡಾ ದಾಟಿದರೆ ಕಾರಣ ಹುಡುಕಿ, ಒಂದು ಶೇಕಡಾ ಹತ್ತಿರವಾದರೆ ಕೆಲಸ ಬಿಟ್ಟು ಮೇಲೆ ಬನ್ನಿ. ಬಲೆ, ಹಗ್ಗ, ಕೇಬಲ್ ಕಂಡ ತಕ್ಷಣ ವೀಕ್ಷಕ ಕೂಗಿ ಹೇಳಬೇಕು, ಪೈಲಟ್‌ಗೆ ಪಕ್ಕದ ಕಿಟಕಿಯ ನೋಟ ಇರುವುದಿಲ್ಲ. ಹ್ಯಾಚ್‌ನ ರಬ್ಬರ್ ಉಂಗುರದ ಮೇಲೆ ಕೂದಲೊಂದು ಕೂತಿದ್ದರೂ ನೀರು ಒಸರಬಹುದು. ಅಚ್ಚರಿಯೆಂದರೆ ಅದು ಹೆಚ್ಚಾಗಿ ಮೇಲ್ಮೈ ಬಳಿಯೇ ಆಗುತ್ತದೆ, ಆಳದಲ್ಲಿ ಒತ್ತಡವೇ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಒಳಗೆ ಕ್ರಮೇಣ ಚಳಿ, ಗೋಡೆಯ ತುಂಬ ಹನಿ. ಹತ್ತಿ ಅಥವಾ ಉಣ್ಣೆ ಬಟ್ಟೆ ತೊಡಿ, ಬೆಂಕಿ ಬಿದ್ದರೆ ಸಿಂಥೆಟಿಕ್ ಕರಗಿ ಮೈಗಂಟುತ್ತದೆ.

ಮೇಲೆ ಬಂದ ಮೇಲೆ ಒಂದು ಗಂಟೆಯ ವಿಡಿಯೊ ಓದಲು ಹಲವು ಗಂಟೆ ಹಿಡಿಯುತ್ತದೆ. ವಾರ್ಸ್ ಅಥವಾ ಬೀಗಲ್‌ನಂಥ ತಂತ್ರಾಂಶ ಬಳಸಿ, ಒಂದು ಭಾಗವನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ ಹೋಲಿಸಿ. ನೌಕೆ ಮೂರು ಮೀಟರ್‌ಗಿಂತ ಮೇಲೆ ಹೋದ ಅಥವಾ ಕೆಸರು ಕವಿದ ತುಣುಕುಗಳನ್ನು ಎಣಿಕೆಯಿಂದಲೂ ತೆಗೆಯಿರಿ, ವಿಸ್ತೀರ್ಣದಿಂದಲೂ ತೆಗೆಯಿರಿ. ಒಂದರಿಂದ ಮಾತ್ರ ತೆಗೆಯುವವರಿದ್ದಾರೆ. ಏನೂ ಸಿಗದ ಟ್ರಾನ್ಸೆಕ್ಟ್‌ನ ಸೊನ್ನೆಯೂ ಪಟ್ಟಿಯಲ್ಲಿರಲಿ. ಒಂದೇ ಡೈವ್‌ನ ಐದು ಟ್ರಾನ್ಸೆಕ್ಟ್‌ಗಳು ಐದು ಸ್ವತಂತ್ರ ಪುರಾವೆಗಳಲ್ಲ, ಅವು ಒಂದೇ ಬೆಟ್ಟದ, ಒಂದೇ ದಿನದ ತುಂಡುಗಳು. ಸಂಖ್ಯಾಶಾಸ್ತ್ರದ ಮಾದರಿಯಲ್ಲಿ ಡೈವ್ ಅನ್ನು ಪ್ರತ್ಯೇಕ ಅಂಶವಾಗಿ ಸೇರಿಸಿ.

ವಿದ್ಯಾರ್ಥಿಯಾಗಿ ನಿಮಗೆ ಸಿಗುವುದು ಹೆಚ್ಚೆಂದರೆ ಒಂದು ಸೀಟು, ಒಂದು ಡೈವ್. ಹಾಗಾದಾಗ ಮೂರು ಆಳಗಳ ಆಸೆ ಬಿಡಿ. ಒಂದೇ ಆಳದ ಪಟ್ಟಿಯಲ್ಲಿ ಎರಡು ಬಗೆಯ ತಳ ಆರಿಸಿ, ಎರಡೆರಡು ಟ್ರಾನ್ಸೆಕ್ಟ್ ಹಾಕಿ, ಉಳಿದ ಹೊತ್ತನ್ನು ಆ ಪಟ್ಟಿಗಳಲ್ಲಿ ಹೆಚ್ಚು ಕಂಡ ಜೀವಿಗಳ ಮಾದರಿಗೆ ಇಡಿ. ಇಳಿಯುವ ಎರಡು ಗಂಟೆಯಲ್ಲಿ ದೀಪ ಆರಿಸಿ ಹೊರಗಿನ ಜೈವಿಕ ಮಿಂಚುಗಳನ್ನು ಆಳದ ಸಮೇತ ಮೈಕ್‌ನಲ್ಲಿ ಹೇಳುತ್ತ ಹೋಗಿ. ಅದಕ್ಕೆ ಬೇರೆ ಬ್ಯಾಟರಿಯೂ ಬೇಡ, ಬೇರೆ ಸಮಯವೂ ಬೇಡ.